ಹುಲ್ಲಿನ ಮದುಮಗ

ಉಲ್ಜಿನ್ ಕರಾವಳಿ
೧೯೭೪, ಮಾರ್ಚ್ ೧೨

ನಮ್ಮ ಸೇಹ್ವಾ,

ಬದುಕಿದ್ದೀಯೋ ಇಲ್ಲವೋ ಎಂದು ಕೇಳುವುದಿಲ್ಲ. ಬದುಕಿದ್ದೀಯೆಂದು ಇಡೀ ಊರಿಗೆ ಗೊತ್ತಾಗಿದೆ. ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು, ಅಷ್ಟೆ.

ದೇಗುವಿನ ನೂಲಿನ ಗಿರಣಿಗೆ ನಾನು ಕಳಿಸಿದ್ದ ಒಣ ಕಡಲಪಾಚಿಯ ಕಟ್ಟು ವಾಪಸು ಬಂತು. ಈ ಹೆಸರಿನವರು ಇಲ್ಲಿ ಇಲ್ಲ ಎಂದು ಯಾರೋ ಕೆಂಪು ಶಾಯಿಯಲ್ಲಿ ಗೀಚಿದ್ದರು. ನಾನು ಆ ಕಟ್ಟನ್ನು ಹಿಡಿದುಕೊಂಡು ಅಂಗಳದಲ್ಲಿ ಕೂತಿದ್ದೆ. ಪಕ್ಕದ ಮನೆಯ ಯೊಂಗ್ದೊಕ್ ಊರಿನವಳು ಗೋಡೆಯ ಮೇಲಿಂದ ತಲೆ ಹಾಕಿದಳು. ಅವಳ ಮಗಳು ನಿನ್ನ ಗಿರಣಿಯಲ್ಲೇ ಇದ್ದಾಳಲ್ಲ.

"ಅಕ್ಕಾ, ನಿನ್ನ ಮೊಮ್ಮಗಳಿಗೆ ಸಿಯೋಲ್‌ನಲ್ಲಿ ಹೊಸ ಅಪ್ಪ ಅಮ್ಮ ಸಿಕ್ಕಿದ್ದಾರಂತಲ್ಲೇ!" ಎಂದಳು.

"ಹಳೇವು ಕಳೆದುಹೋಗಿ ಯಾವ ಕಾಲ ಆಯ್ತು, ಹೊಸವು ಸಿಕ್ಕಿದ್ರೆ ಒಳ್ಳೇದೇ. ಎಲ್ಲಿ ಸಿಗ್ತಾವೆ ಕೇಳಿ ಹೇಳು, ನನಗೂ ಒಂದು ಜೊತೆ ಬೇಕು" ಎಂದೆ.

ಅವಳು ತಲೆ ಒಳಗೆಳೆದುಕೊಂಡಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನೀನು ಸೇರಿದ್ದು ಹೊಸ ಒಲೆಯ ಸಭೆಯಂತೆ. ಅದರ ಗುರು ಸಾಮಾನ್ಯನಲ್ಲವಂತೆ, ಮತ್ತೆ ಬರುತ್ತೇನೆಂದು ಹೋಗಿದ್ದ ಯೇಸುವಿನ ಜಾಗದಲ್ಲಿ ಬಂದವನಂತೆ. ನೀನು ಬೀದಿಯಲ್ಲಿ ನಿಂತು ಹಾಡಿ ಜನರನ್ನು ಕರೆಯುತ್ತೀಯಂತೆ. ನಿನ್ನ ಗಂಟಲು ಹೇಗಿದೆ ಎಂದು ನನಗೆ ಗೊತ್ತು. ಆ ಜನರ ಮೇಲೆ ಕನಿಕರವಿದೆ.

ನನಗೆ ಗೊತ್ತಿರುವ ಯೇಸು ಎಂದರೆ ಗುಡ್ಡದ ಮೇಲಿನ ತಗಡಿನ ಚರ್ಚಿನ ಗೋಡೆಯಲ್ಲಿ ಮೊಳೆ ಹೊಡೆಸಿಕೊಂಡು ನೇತಾಡುವ ಬಡಕಲು ಹುಡುಗ. ಸತ್ತು ಎಲ್ಲರನ್ನೂ ಉಳಿಸಿದ ಎಂದು ಅವರು ಹಾಡುತ್ತಾರೆ. ಸರಿ, ಅವನ ಕೆಲಸ ಸಾಯುವುದಾಗಿತ್ತು, ಸತ್ತ. ಈಗ ಬಂದವನ ಕೆಲಸ ಏನು? ಈ ಊರಿಗೆ ಯಾರೇ ಬರಲಿ, ಬಲೆ ಹೆಣೆಯುವವನೋ ಕೊಡ ಬೆಸೆಯುವವನೋ ಎಂದು ಮೊದಲು ಕೇಳುತ್ತೇವೆ. ನಿನ್ನ ಗುರು ಏನು ಮಾಡಲು ಬಂದಿದ್ದಾನೆ? ದೊಡ್ಡ ಮಾತು ಬೇಡ. ನಾನು ಮೂರು ಚಳಿಗಾಲ ಓದು ಕಲಿತವಳು, ನನಗೆ ತಿಳಿಯುವ ಹಾಗೆ ಬರೆ.

ಇನ್ನೊಂದು ಮಾತು. ಆಚೆ ಕೊಲ್ಲಿಯ ದೋಣಿ ಇಂಜಿನ್ ರಿಪೇರಿಯ ಹುಡುಗನ ತಾಯಿ ಎರಡು ಸಲ ಬಂದು ನಮ್ಮ ಮನೆಯಲ್ಲಿ ಬಾರ್ಲಿ ಚಹಾ ಕುಡಿದು ಹೋದಳು. ಚಹಾಕ್ಕೆ ಯಾರೂ ಅಷ್ಟು ದೂರ ಬರುವುದಿಲ್ಲ.

ಇಂತಿ, ಹಳೆಯದಾದರೂ ಇನ್ನೂ ಕಳೆದುಹೋಗದ
ನಿನ್ನ ಅಜ್ಜಿ ಸಮ್ವೊಲ್


ಸಿಯೋಲ್
೧೯೭೪, ಏಪ್ರಿಲ್ ೨೦

ಪ್ರೀತಿಯ ಅಜ್ಜಿಗೆ,

ಹೇಳದೆ ಬಂದದ್ದಕ್ಕೆ ಬೈಯಿರಿ, ತಾಳಿಕೊಳ್ಳುತ್ತೇನೆ. ಆದರೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಇಲ್ಲಿಯೂ ಎಲ್ಲರೂ ಮೊದಲು ಕೇಳುವುದು ಅದನ್ನೇ. ಬಂದವರ ಕೆಲಸ ಏನು?

ಅಜ್ಜಿ, ಯೇಸು ಸಾಯಲು ಬಂದವರಲ್ಲ. ಗುಡ್ಡದ ಚರ್ಚಿನವರು ಹೇಳುವುದು ಅರ್ಧ ಮಾತ್ರ. ಅವರು ಮದುವೆಯಾಗಲು ಬಂದವರು. ಲೋಕದ ಮೊದಲ ಗಂಡಹೆಂಡಿರು ದಾರಿ ತಪ್ಪಿದರು, ಅವರ ಹೊಟ್ಟೆಯಲ್ಲಿ ಹುಟ್ಟಿದ ನಮ್ಮೆಲ್ಲರ ರಕ್ತವೂ ಕಲಕಿಹೋಯಿತು. ಬುಡ ಕೆಟ್ಟ ಮರಕ್ಕೆ ಎಲೆ ತೊಳೆದರೆ ಏನು ಬಂತು? ಅದಕ್ಕೇ ದೇವರು ಮಗನನ್ನು ಕಳಿಸಿದ್ದು: ಒಬ್ಬ ಒಳ್ಳೆಯ ಹೆಣ್ಣನ್ನು ಮದುವೆಯಾಗಿ, ಹೊಸ ಒಲೆ ಹೂಡಿ, ಲೋಕಕ್ಕೆಲ್ಲ ಹೊಸ ತಂದೆತಾಯಿ ಆಗಲಿ ಎಂದು. ಅಷ್ಟರಲ್ಲಿ ಜನ ಅವರನ್ನು ಕೊಂದರು. ಶಿಲುಬೆ ದೇವರ ಇಷ್ಟವಲ್ಲ, ದೇವರ ದುಃಖ. ಇದನ್ನು ಮೊದಲ ಸಲ ಕೇಳಿದ ದಿನ ನಾನು ಗಿರಣಿಯ ಮೆಟ್ಟಿಲಲ್ಲಿ ಕೂತು ಅತ್ತೆ. ದೇವರೂ ಅಳುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಅರ್ಧಕ್ಕೆ ನಿಂತ ಕೆಲಸವನ್ನು ಈಗ ಬಂದವರು ಪೂರ್ತಿ ಮಾಡಬೇಕು. ಅವರು ಸಾಯುವವರಲ್ಲ, ಸಂಸಾರ ಹೂಡುವವರು. ನಾವು ಅವರನ್ನು ತಂದೆಯವರು ಎನ್ನುತ್ತೇವೆ, ಅವರ ಮಡದಿಯನ್ನು ತಾಯಿಯವರು. ಅವರೇ ನಮಗೆ ಜೋಡಿ ಹುಡುಕಿ ಮದುವೆ ಮಾಡಿಸುತ್ತಾರೆ. ಆ ಮದುವೆಯಿಂದ ನಾವು ಹೊಸ ಮರಕ್ಕೆ ಕಸಿ ಕಟ್ಟಿದ ಕೊಂಬೆಗಳಾಗುತ್ತೇವೆ.

ಇಂಜಿನ್ ಹುಡುಗನ ತಾಯಿಗೆ ಬೇರೆ ಹೆಣ್ಣು ನೋಡಲು ಹೇಳಿ. ನಿಮ್ಮ ಮೊಣಕಾಲು ನೋವು ಹೇಗಿದೆ?

ನಿಮ್ಮ ಸೇಹ್ವಾ


೧೯೭೪, ಮೇ ೨೮

ಸೇಹ್ವಾ,

ಮೊಣಕಾಲು ನನ್ನ ಜೊತೆಗೇ ಇದೆ, ನಿನ್ನ ಹಾಗೆ ಓಡಿಹೋಗಿಲ್ಲ.

ನಿನ್ನ ಪತ್ರವನ್ನು ಒಲೆಗೆ ಹಾಕಬೇಕೆಂದು ಎದ್ದೆ. ಕಲಕಿದ ರಕ್ತವಂತೆ! ನಿನ್ನ ತಾಯಿ ನಿನ್ನನ್ನು ಹೆತ್ತು ಕಣ್ಣು ಮುಚ್ಚುವಾಗ ಸುರಿದ ರಕ್ತವನ್ನು ಒರೆಸಿದವಳು ನಾನು. ಕೆಂಪಗೇ ಇತ್ತು. ಒಲೆಯ ಮುಂದೆ ಕೂತು ಬೈಯುತ್ತ ಬೈಯುತ್ತ ಇನ್ನೊಮ್ಮೆ ಓದಿದೆ. ಒಂದು ಸಾಲಿಗೆ ಬಂದು ಸಿಕ್ಕಿಬಿದ್ದೆ.

ಮದುವೆಯಾಗದೆ ಸತ್ತ ಎಂಬ ಮಾತಿಗೆ.

ಅಯ್ಯೋ ಹುಡುಗಿ, ಇದನ್ನು ಗುಡ್ಡದ ಚರ್ಚಿನವರು ಇಷ್ಟು ವರ್ಷ ನಮಗೇಕೆ ಹೇಳಲಿಲ್ಲ? ನಮ್ಮ ಓಣಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ, ಮದುವೆ ಕಾಣದೆ ಸತ್ತ ಗಂಡಿನ ಜೀವಕ್ಕೆ ನೆಲೆಯಿಲ್ಲ ಎಂದು. ಅವನಿಗೆ ಎಡೆ ಇಡಲು ಮಕ್ಕಳಿಲ್ಲ, ಹೆಸರು ಹಿಡಿದು ಕರೆಯುವವರಿಲ್ಲ. ಅಂಥವನು ಮನೆ ಸುತ್ತುತ್ತಾನೆ, ಬೇರೆಯವರ ಮದುವೆಯ ದಿನ ಗಾಳಿ ಎಬ್ಬಿಸುತ್ತಾನೆ. ನಿನ್ನ ದೇವರು ಅಂಥ ಮಗನನ್ನು ಇಟ್ಟುಕೊಂಡು ಇಷ್ಟು ಕಾಲ ಕೂತಿದ್ದಾನೆ ಎಂದರೆ ಲೋಕದಲ್ಲಿ ಯುದ್ಧ ನಿಲ್ಲದೆ ಇರುವುದರಲ್ಲಿ ಏನು ಆಶ್ಚರ್ಯ? ಮೊದಲ ಸಲ ನನಗೆ ಆ ದೇವರ ಮೇಲೆ ಕನಿಕರ ಬಂತು. ಅವನೂ ನನ್ನ ಹಾಗೆಯೇ.

ನನ್ನ ಮಗ, ನಿನ್ನ ದುಮಾನ್ ಮಾವನ ನೆನಪು ನಿನಗಿರಲಿಕ್ಕಿಲ್ಲ. ನೀನು ಆಗ ತೆವಳುತ್ತಿದ್ದೆ. ದೋಣಿ ಮಗುಚಿತು, ಉಳಿದವರು ದಡ ಸೇರಿದರು, ಅವನು ಸೇರಲಿಲ್ಲ. ಹೆಣ ಸಿಗಲಿಲ್ಲ. ಸತ್ತವರ ಜೀವ ಕರೆಯುವ ಮುದಂಗ್ ಮುದುಕಿಯನ್ನು ಕರೆಸಿ ಕಡಲದಂಡೆಯಲ್ಲಿ ಕುಣಿಸಿದೆವು. ಬಟ್ಟೆ ಕಟ್ಟಿದ ಅನ್ನದ ಬಟ್ಟಲನ್ನು ಅವಳು ನೀರಿಗೆಸೆದು, ಹಗ್ಗ ಹಿಡಿದು ಎಳೆದಳು. ಬಟ್ಟಲಿನ ಅನ್ನದಲ್ಲಿ ಒಂದು ಕೂದಲು ಬಂತು. ಅದೇ ಅವನು ಎಂದಳು. ನಾನು ಆ ಕೂದಲನ್ನು ಮಡಿಲಲ್ಲಿ ಹೊತ್ತು ಮನೆಗೆ ತಂದೆ.

ಅವನಿಗೆ ಹೆಣ್ಣೂ ಹುಡುಕಿದ್ದೆ. ಪಕ್ಕದ ಬಂದರಿನಲ್ಲಿ ಜ್ವರದಲ್ಲಿ ತೀರಿಕೊಂಡ ಹುಡುಗಿ. ಎರಡು ಹುಲ್ಲಿನ ಬೊಂಬೆ ಮಾಡಿ, ಒಂದಕ್ಕೆ ಅವನ ಹೆಸರು ಒಂದಕ್ಕೆ ಅವಳ ಹೆಸರು ಇಟ್ಟು, ಮದುವೆ ಮಾಡಿ, ಒಟ್ಟಿಗೆ ಸುಟ್ಟು ಕಳಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಆ ಹುಡುಗಿಯ ಅಣ್ಣ ಚರ್ಚಿಗೆ ಸೇರಿದ. "ಇದೆಲ್ಲ ಸೈತಾನನ ಆಟ, ನನ್ನ ತಂಗಿ ಸ್ವರ್ಗದಲ್ಲಿದ್ದಾಳೆ" ಎಂದ. "ಸ್ವರ್ಗದಲ್ಲಿ ಒಬ್ಬಳೇ ಏನು ಮಾಡ್ತಾಳಪ್ಪ, ಒಂದು ಜೊತೆ ಇರಲಿ ಬಿಡು" ಎಂದು ಕೈ ಮುಗಿದೆ. ಕೇಳಲಿಲ್ಲ. ಅಂದಿನಿಂದ ದುಮಾನ್ ಹಾಗೆಯೇ ಇದ್ದಾನೆ. ನಿಮ್ಮ ಯೇಸುವಿನ ಹಾಗೆ.

ಒಂದೇ ಒಂದು ಪ್ರಶ್ನೆ ಉಳಿಯಿತು. ಆ ಹುಡುಗನಿಗೆ ತಾಯಿ ಇದ್ದಳಲ್ಲ, ಮರಿಯಾ ಎಂದೇನೋ. ಮಗನಿಗೆ ಮೂವತ್ತು ದಾಟಿದರೂ ಅವಳು ಹೆಣ್ಣು ನೋಡದೆ ಏನು ಮಾಡುತ್ತಿದ್ದಳು?

ಇಂತಿ, ನಿನ್ನ ಅಜ್ಜಿ


೧೯೭೪, ಸೆಪ್ಟೆಂಬರ್ ೩

ಅಜ್ಜಿ,

ನಿಮ್ಮ ಪತ್ರವನ್ನು ಸಭೆಯಲ್ಲಿ ಓದಿದೆ. ಕೋಪಿಸಿಕೊಳ್ಳಬೇಡಿ. ಓದುವಾಗ ಎಲ್ಲರೂ ಕಣ್ಣೊರೆಸಿಕೊಂಡರು. ಇಲ್ಲಿ ಪಾಠ ಹೇಳುವ ಹಿರಿಯಕ್ಕ, "ನಾವು ವರ್ಷಗಟ್ಟಲೆ ಕೂತು ಕಲಿತದ್ದನ್ನು ಈ ಅಜ್ಜಿ ಒಲೆ ಮುಂದೆ ಕೂತು ಕಲಿತುಬಿಟ್ಟರಲ್ಲೇ" ಎಂದರು. ಮರಿಯಾಳ ಪ್ರಶ್ನೆಯನ್ನು ನಮ್ಮ ತಂದೆಯವರೂ ಕೇಳಿದ್ದಾರಂತೆ! ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೆ?

ನನಗೆ ಜೋಡಿ ಗೊತ್ತಾಗಿದೆ. ತಾಕ್ ಗಿಬೊಂಗ್ ಎಂದು ಹೆಸರು. ಚೊಲ್ಲಾ ಸೀಮೆಯವರು, ಮುಂಚೆ ಕ್ಷೌರದ ಅಂಗಡಿಯಲ್ಲಿದ್ದರು. ತಂದೆಯವರು ನಮ್ಮಿಬ್ಬರ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರು, ನಾವು ಒಪ್ಪಿದೆವು. ಒಮ್ಮೆ ಮಾತಾಡಿದ್ದೇವೆ. ಮೆಲ್ಲಗೆ ಮಾತಾಡುತ್ತಾರೆ.

ಮದುವೆ ಬರುವ ಫೆಬ್ರವರಿಯಲ್ಲಿ, ಒಂದು ದೊಡ್ಡ ಆಟದ ಅಂಗಣದಲ್ಲಿ. ನೂರಾರು ಜೋಡಿಗಳು. ವೇದಿಕೆಯ ಮೇಲೆ ಎಲ್ಲಕ್ಕಿಂತ ಮುಂದೆ ಒಂದು ಕಂಬಕ್ಕೆ ಬಿಳಿ ಮದುವೆ ಅಂಗಿಯೊಂದನ್ನು ತೊಡಿಸಿ ನಿಲ್ಲಿಸಿರುತ್ತಾರೆ. ಒಳಗೆ ಯಾರೂ ಇರುವುದಿಲ್ಲ. ಅದು ಮದುವೆಯಾಗದೆ ಸತ್ತವರಿಗಾಗಿ, ಯೇಸುವಿಗಾಗಿ. ಮೊದಲು ಆ ಅಂಗಿಗೆ ಆಶೀರ್ವಾದ, ಆಮೇಲೆ ನಮಗೆ. ನಂತರ ನಾವೆಲ್ಲ ತಂದೆಯವರಿಗೂ ತಾಯಿಯವರಿಗೂ ಹೆತ್ತವರಿಗೆ ಮಾಡುವ ಪೂರ್ಣ ನಮಸ್ಕಾರ ಮಾಡುತ್ತೇವೆ.

ಸಭೆಗೆ ಸೇರದ ಮನೆಯವರಿಗೆ ಮೇಲಿನ ಮೆಟ್ಟಿಲುಗಳಲ್ಲಿ ಜಾಗವಿರುತ್ತದೆ. ನೀವು ಬರುತ್ತೀರಾ?

ಸೇಹ್ವಾ


೧೯೭೪, ಅಕ್ಟೋಬರ್ ೧೫

ಸೇಹ್ವಾ,

ನಮ್ಮ ಕಡೆಯವರು ಹೆಣ್ಣು ಕೊಡದ ಚೊಲ್ಲಾದವನು, ಅದರ ಮೇಲೆ ಕ್ಷೌರದವನು. ಇರಲಿ. ಮೆಲ್ಲಗೆ ಮಾತಾಡುವ ಗಂಡಸನ್ನು ಈ ಕರಾವಳಿಯಲ್ಲಿ ನಾನು ಕಂಡಿಲ್ಲ, ಆ ಒಂದು ಮಾತಿಗೆ ನಿನ್ನ ಗುರುವಿಗೆ ಅಂಕ ಕೊಟ್ಟೆ.

ಆದರೆ ಮೇಲಿನ ಮೆಟ್ಟಿಲು ಎಂದೆಯಲ್ಲ, ಅದು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಹಲ್ಲಿಗೆ ಬಡಿಯಿತು. ಹೆತ್ತವರಿಗೆ ಮಾಡುವ ನಮಸ್ಕಾರ ಬೇರೆಯವರಿಗೆ. ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳಿಗೆ ಮೆಟ್ಟಿಲು. ನಿನಗೆ ಹಾಲಿರಲಿಲ್ಲ. ಅಕ್ಕಿ ಗಂಜಿಯ ತಿಳಿಯನ್ನು ನನ್ನ ಬಾಯಲ್ಲಿ ಬೆಚ್ಚಗೆ ಮಾಡಿ ನಿನ್ನ ಬಾಯಿಗೆ ಬಿಟ್ಟವಳು ನಾನು. ಆಗ ನಿನ್ನ ತಂದೆಯವರು ಎಲ್ಲಿದ್ದರು? ಅವರು ಲೋಕಕ್ಕೆಲ್ಲ ತಂದೆಯಾಗಲಿ, ನಾನು ಬೇಡ ಎನ್ನುವುದಿಲ್ಲ. ಲೋಕದಿಂದ ಒಬ್ಬಳನ್ನು ಬಿಟ್ಟರೆ ಅವರ ಲೆಕ್ಕಕ್ಕೆ ಏನು ಕೊರತೆ? ನನಗೆ ಇರುವುದು ಒಬ್ಬಳೇ.

ಇದನ್ನೆಲ್ಲ ಯೊಂಗ್ದೊಕ್‌ನವಳಿಗೆ ಹೇಳಿದೆ. ಅವಳು ಮೀನಿನ ಹೊಟ್ಟೆ ಸೀಳುತ್ತ, "ಬಿಡಕ್ಕ, ಮದುವೆಯಾದ ಹೆಣ್ಣು ಹೇಗೂ ಬೇರೆ ಮನೆ ದೇವರಿಗೆ ಹೋಗ್ತಾಳೆ" ಎಂದಳು. "ಬೇರೆ ಮನೆಗೆ ಹೋಗ್ಲಿ ಕಣೇ. ಹೋಗೋ ಮುಂಚೆ ಈ ಮನೇಲಿ ಹುಟ್ಟಿದ್ದೇ ಇಲ್ಲ ಅನ್ನಬೇಕಾ?" ಎಂದೆ. ಅವಳು ಸೀಳುತ್ತಿದ್ದ ಮೀನನ್ನು ಕೆಳಗಿಟ್ಟಳು. ಅವಳು ಮೀನನ್ನು ಅರ್ಧಕ್ಕೆ ಬಿಡುವುದು ವರ್ಷಕ್ಕೊಮ್ಮೆ.

ಈಗ ಕೇಳು. ಆ ಬಿಳಿ ಅಂಗಿಯ ವಿಷಯ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. ಗುಡ್ಡದ ಚರ್ಚಿನವರು ಸೈತಾನನ ಆಟ ಎಂದದ್ದನ್ನು ನಿನ್ನ ತಂದೆಯವರು ವೇದಿಕೆಯ ಮೇಲೆ ಎಲ್ಲರಿಗೂ ಮುಂದೆ ನಿಲ್ಲಿಸಿದ್ದಾರೆ. ಹಾಗಾದರೆ ಅವರಿಗೆ ಇದು ತಿಳಿದಿದೆ. ಸತ್ತವರಿಗೂ ಅಲ್ಲಿ ಮದುವೆ ಉಂಟೋ? ದುಮಾನನಿಗೆ ಅಲ್ಲಿ ಜಾಗ ಸಿಕ್ಕುವುದಾದರೆ ನಾನು ಮೆಟ್ಟಿಲಲ್ಲಿ ಕೂರುತ್ತೇನೆ. ಮೆಟ್ಟಿಲೇನು, ನೆಲದ ಮೇಲೆ ಕೂರುತ್ತೇನೆ. ನಿನ್ನ ತಂದೆಯವರಿಗೆ ನಾನೇ ಮಂಡಿಯೂರುತ್ತೇನೆ, ನಿನ್ನ ಸಭೆಗೆ ಹೆಸರು ಕೊಡುತ್ತೇನೆ, ನೀನೂ ನಾನೂ ಒಂದೇ ಒಲೆಯವರಾಗುತ್ತೇವೆ. ಹೌದೋ ಅಲ್ಲವೋ, ಬರೆ.

ಇಂತಿ, ಅಜ್ಜಿ


೧೯೭೪, ಡಿಸೆಂಬರ್ ೧

ಅಜ್ಜಿ,

ಬೆಳಗಿನಿಂದ ಸಂಜೆಯವರೆಗೆ ಬೀದಿಯಲ್ಲಿರುತ್ತೇವೆ, ಉದ್ದ ಬರೆಯಲು ಆಗುತ್ತಿಲ್ಲ. ನೀವು ಬರುತ್ತೀರಿ ಎಂದು ಓದಿ ಕುಣಿದೆ. ನೀವು ಕೇಳಿದ್ದಕ್ಕೆ: ಸತ್ತವರಿಗೂ ಈ ಬಾಗಿಲು ತೆರೆದಿದೆ, ಯಾರೂ ಹೊರಗುಳಿಯುವುದಿಲ್ಲ ಎಂದು ತಂದೆಯವರು ಎಷ್ಟೋ ಸಲ ಹೇಳಿದ್ದಾರೆ. ಬನ್ನಿ. ಖಂಡಿತ ಬನ್ನಿ. ಬೆಚ್ಚಗೆ ಉಟ್ಟುಕೊಂಡು ಬನ್ನಿ, ಅಂಗಣದಲ್ಲಿ ಗಾಳಿ ಜಾಸ್ತಿ.

ನಿಮ್ಮ ಸೇಹ್ವಾ


೧೯೭೫, ಫೆಬ್ರವರಿ ೧೯

ಸೇಹ್ವಾ,

ನಾನು ಊರು ಸೇರಿದ್ದೇನೆ. ನೀನು ಯೋಚನೆ ಮಾಡಿರಬಹುದೆಂದು ಇದನ್ನು ಮೊದಲು ಬರೆದೆ.

ನೀನು ಒಳಗೆ ಸಾಲಿನಲ್ಲಿದ್ದೆ. ನಿನ್ನನ್ನು ಕರೆತರುವ ಮುಂಚೆ ಬಾಗಿಲಲ್ಲಿ ಏನಾಯಿತೆಂದು ಅವರು ನಿನಗೆ ಹೇಳಿರುತ್ತಾರೆ. ಅವರ ಬಾಯಲ್ಲಿ ಅದು ಮಾಟ ಮಾಡಲು ಬಂದ ಮುದುಕಿಯ ಕಥೆ. ನನ್ನ ಬಾಯಿಂದಲೂ ಒಮ್ಮೆ ಕೇಳಿಬಿಡು.

ನೀನು ಬಾಗಿಲು ತೆರೆದಿದೆ ಎಂದು ಬರೆದ ಮೇಲೆ ನಾನು ದುಮಾನನನ್ನು ಮಾಡಿದೆ. ಒಳ್ಳೆಯ ಭತ್ತದ ಹುಲ್ಲು ತರಿಸಿ, ನೆನೆಸಿ, ತಟ್ಟಿ, ಕಟ್ಟಿದೆ. ಎರಡು ವರ್ಷದ ಮಗುವಿನಷ್ಟು ಎತ್ತರ ಬಂದ. ಆ ಕೂದಲನ್ನು ಎದೆಯ ಜಾಗದಲ್ಲಿಟ್ಟೆ. ನನ್ನ ಸಾವಿಗೆಂದು ಎತ್ತಿಟ್ಟಿದ್ದ ರೇಷ್ಮೆಯಲ್ಲಿ ನೀಲಿ ಮದುಮಗನ ಅಂಗಿ ಹೊಲಿದೆ. ಮುಖ ಬರೆಯಲು ಹೋಗಲಿಲ್ಲ. ಸುಳ್ಳು ಮುಖ ಬರೆದು ಅದೇ ನೆನಪಿನಲ್ಲಿ ಕೂತರೆ ಎಂಬ ಹೆದರಿಕೆ. ಬಟ್ಟೆಯಲ್ಲಿ ಸುತ್ತಿ, ಮಕ್ಕಳನ್ನು ಕಟ್ಟಿಕೊಳ್ಳುವ ಹಾಗೆ ಬೆನ್ನಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ.

ಬಸ್ಸಿನ ಕಂಡಕ್ಟರ್ ಹುಡುಗಿ, "ಅಜ್ಜೀ, ಮಗೂನ ತೊಡೆ ಮೇಲೆ ಇಟ್ಕೋ, ಜನ ಜಾಸ್ತಿ ಇದ್ದಾರೆ" ಎಂದಳು.

"ಮಗೂಗೆ ನಲವತ್ತಾಯ್ತು ಕಣೇ, ಈಗ ಮದುವೆಗೆ ಹೊರಟಿದ್ದಾನೆ" ಎಂದೆ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಬಹಳ ವರ್ಷಗಳ ಮೇಲೆ ಅವನ ಹೆಸರಿನಲ್ಲಿ ಅಷ್ಟು ಜನ ನಕ್ಕದ್ದು, ಚೆನ್ನಾಗಿತ್ತು.

ಅಂಗಣದ ಬಾಗಿಲಲ್ಲಿ ಬಿಳಿ ಕೈಗವಸಿನ ಒಬ್ಬ ಹುಡುಗ ತಡೆದ.

"ಅಜ್ಜಿ, ಗಂಟು ಇಲ್ಲೇ ಇಟ್ಟು ಹೋಗಿ."

"ಗಂಟಲ್ಲಪ್ಪ, ಮದುಮಗ."

"ಏನಂದ್ರಿ?"

"ಕಿವಿ ಮಂದವಾ? ಮದುಮಗ ಅಂದೆ. ನಿಮ್ಮ ಸಾಲು ಎಲ್ಲಿಂದ ಶುರು? ಇವನನ್ನ ಎಲ್ಲರಿಗಿಂತ ಹಿಂದೆ ನಿಲ್ಲಿಸಿದ್ರೂ ಸರಿ, ಇಷ್ಟು ಕಾಲ ಕಾದಿದ್ದಾನೆ."

ಬಟ್ಟೆ ಸರಿಸಿ ನೋಡಿ ಅವನು ಹಿಂದಕ್ಕೆ ಹಾರಿದ. ಕೂಗಾಡಿದ. ಬಿಳಿ ಉಡುಪಿನ ಹೆಂಗಸೊಬ್ಬಳು ಬಂದಳು. ನಿನ್ನ ಹಿರಿಯಕ್ಕ ಅವಳೇ ಎಂದು ಆಮೇಲೆ ತಿಳಿಯಿತು. ಒಳ್ಳೆಯವಳು. ನನ್ನ ಕೈ ಹಿಡಿದುಕೊಂಡೇ ಮಾತಾಡಿದಳು.

"ಅಮ್ಮಾ, ಒಳಗಿರೋ ಆ ಅಂಗಿ ಒಬ್ಬರಿಗೇ. ಅವರು ದೇವರ ಮಗ."

"ಇವನು ನನ್ನ ಮಗ" ಎಂದೆ. "ಅವನು ಶಿಲುಬೆ ಮೇಲೆ ಸತ್ತ, ಇವನು ನೀರಲ್ಲಿ. ಇಬ್ಬರೂ ಮದುವೆ ಕಾಣ್ಲಿಲ್ಲ. ಅಂಗಿ ನಿಲ್ಲಬಹುದಾದ್ರೆ ಹುಲ್ಲು ಯಾಕೆ ನಿಲ್ಲಬಾರದು?"

ಅವಳ ಕಣ್ಣಲ್ಲಿ ನೀರು ಬಂತು, ಅದು ನಟನೆಯಲ್ಲ. "ಸತ್ತವರ ಸರದಿ ಬರತ್ತಮ್ಮ, ತಂದೆಯವರು ಮಾಡ್ತಾರೆ, ಆದ್ರೆ ಇವತ್ತಲ್ಲ, ಹೀಗಲ್ಲ" ಎಂದಳು. ಅಷ್ಟರಲ್ಲಿ ಅವಳ ಹಿಂದಿನಿಂದ ಕೋಟು ತೊಟ್ಟ ಗಂಡಸೊಬ್ಬ, "ಇದು ಮುದಂಗ್ ಕೆಲಸ! ಇಂಥ ಮನೆ ಹುಡುಗಿ ಯಾರಾದ್ರೂ ಸಾಲಲ್ಲಿದ್ರೆ ಮೊದಲು ಅವಳನ್ನ ಹೊರಗೆ ಕರೀರಿ, ಅವಳು ಇವತ್ತು ನಿಲ್ಲೋ ಹಾಗಿಲ್ಲ" ಎಂದ. ಹುಡುಗಿಯ ಹೆಸರೇನು ಎಂದು ಕೇಳಿದ. ನಾನು ದಡ್ಡಿ, ನಿನ್ನ ಹೆಸರು ಹೇಳಿಬಿಟ್ಟೆ.

ನೀನು ಬಂದೆ. ಬಿಳಿ ಬಟ್ಟೆಯಲ್ಲಿ ನಿನ್ನ ಅಮ್ಮನ ಹಾಗೆಯೇ ಕಂಡೆ. ಆ ಮನುಷ್ಯ ನಿನ್ನನ್ನು ಕೇಳಿದ, "ನಿಮ್ಮ ಮನೆಯವರಾ?" ನೀನು ನನ್ನನ್ನು ನೋಡಿದೆ. ನನ್ನ ಕೈಯಲ್ಲಿದ್ದವನನ್ನು ನೋಡಿದೆ.

"ಅಲ್ಲ. ನಮ್ಮೂರಿನ ಒಬ್ಬ ಅಜ್ಜಿ" ಎಂದೆ ನೀನು.

ನೀನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಾನು ನಿಮ್ಮೂರಿನವಳೇ. ಹೌದು ನನ್ನ ಅಜ್ಜಿ ಎಂದಿದ್ದರೆ ಆ ದಿನ ನಿನ್ನ ಮದುವೆ ನಿಲ್ಲುತ್ತಿತ್ತು. ನನಗೆ ಅಷ್ಟು ಅರ್ಥವಾಗುತ್ತದೆ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ.

ಹಿರಿಯಕ್ಕ ನನ್ನನ್ನು ಗೋಡೆಯ ಮರೆಯಲ್ಲಿ ಕೂರಿಸಿ ಬಿಸಿ ಬಾರ್ಲಿ ಚಹಾ ಕೊಟ್ಟಳು. ಒಳಗಿನಿಂದ ಜನರೆಲ್ಲ ಒಟ್ಟಿಗೆ ಕೂಗಿದ್ದು ಕೇಳಿಸಿತು. ನಿನ್ನ ಮದುವೆ ಆಯಿತು ಎಂದುಕೊಂಡೆ. ಕೂತಲ್ಲಿಂದಲೇ ಹರಸಲು ಬರಿಗೈ ಎತ್ತಿದೆ.

ಒಂದು ತಿಳಿದಿರಲಿ. ನಾನು ಜಗಳಕ್ಕೆ ಬಂದವಳಲ್ಲ, ನಿನ್ನ ಮಾನ ಕಳೆಯಲು ಬಂದವಳಲ್ಲ. ನಾನು ನಂಬಲು ಬಂದಿದ್ದೆ.

ಸಮ್ವೊಲ್


೧೯೭೫, ಜೂನ್ ೮

ಸೇಹ್ವಾ,

ನಿನ್ನಿಂದ ಪತ್ರವಿಲ್ಲ. ಅಂಚೆಯವನು ನಮ್ಮ ಮನೆ ಬಂದಾಗ ಸೈಕಲ್ಲಿನ ಗಂಟೆಯನ್ನು ಬೆರಳಿನಿಂದ ಮುಚ್ಚಿಕೊಂಡು ದಾಟುತ್ತಾನೆ. ಅವನಿಗೂ ನಾಚಿಕೆ.

ಇಂಜಿನ್ ಹುಡುಗನಿಗೆ ಮದುವೆಯಾಯಿತು. ಹುಡುಗಿಗೆ ಹಲ್ಲು ಮುಂದಿದೆ, ಆದರೆ ನಗುತ್ತಾಳೆ. ಈ ವರ್ಷ ಪಾಚಿ ದಪ್ಪಗೆ ಬಂದಿದೆ. ಯೊಂಗ್ದೊಕ್‌ನವಳು ನನ್ನ ಬಾಗಿಲಲ್ಲಿ ದಿನಾ ಏನಾದರೂ ಇಟ್ಟು ಹೋಗುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು.

ನಿನ್ನ ಗಂಡ ಉಣ್ಣುವಾಗ ಸದ್ದು ಮಾಡುತ್ತಾನಾ? ನಿನಗೆ ಚಳಿಗೆ ಕೈ ಬಿರಿಯುತ್ತದಲ್ಲ, ಈ ಸಲವೂ ಬಿರಿಯಿತಾ? ಇಷ್ಟಕ್ಕಾದರೂ ಉತ್ತರ ಬರೆಯಬಹುದು. ಇದರಲ್ಲಿ ಧರ್ಮದ ಮಾತೇನೂ ಇಲ್ಲ.

ಅಜ್ಜಿ


ಸಿಯೋಲ್
೧೯೭೫, ಸೆಪ್ಟೆಂಬರ್ ೨೨

ಅಜ್ಜಿ,

ಸದ್ದು ಮಾಡುತ್ತಾರೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಮದುವೆಯಾದ ಮೇಲೆ ಕೆಲವು ವರ್ಷ ಗಂಡಹೆಂಡತಿ ಬೇರೆಬೇರೆ ಇದ್ದು ಸಭೆಯ ಕೆಲಸ ಮಾಡಬೇಕೆಂದು ನಮ್ಮಲ್ಲಿ ನಿಯಮ. ಗಿಬೊಂಗ್ ಅವರು ಕಲ್ಲಿದ್ದಲ ಗಣಿಯ ಊರಿನಲ್ಲಿದ್ದಾರೆ. ಕೈ ಬಿರಿಯಿತು.

ಬಾಗಿಲಲ್ಲಿ ನಾನು ಆಡಿದ ಮಾತಿನ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಮೊದಲ ಸಾಲೇ ಬರುವುದಿಲ್ಲ.

ಅದರ ಬದಲು ಆಮೇಲೆ ನಡೆದದ್ದನ್ನು ಬರೆಯುತ್ತೇನೆ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಆಶೀರ್ವಾದ ಮುಗಿದು ಒಬ್ಬೊಬ್ಬರೇ ಮುಂದೆ ಹೋಗಿ ನಮಸ್ಕಾರ ಮಾಡಬೇಕಿತ್ತು. ನಿಮ್ಮನ್ನು ಹೊರಗೆ ಬಿಟ್ಟು ಬಂದಿದ್ದೆ, ಆದ್ದರಿಂದ ಈ ನಮಸ್ಕಾರ ನಿಜವೇ ಆಗಿರಬೇಕಿತ್ತು, ಅಜ್ಜಿ. ಹಣೆ ನೆಲಕ್ಕೆ ಮುಟ್ಟಿಸಿ ಎದ್ದೆ. ತಂದೆಯವರು ನನ್ನ ತಲೆಯ ಮೇಲೆ ಕೈಯಿಟ್ಟು, ನಕ್ಕು, "ಯಾವ ಊರಮ್ಮ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕೈ ಪಕ್ಕದವಳ ತಲೆಯ ಮೇಲಿತ್ತು, ಅವಳನ್ನೂ ಅದನ್ನೇ ಕೇಳುತ್ತಿದ್ದರು. ನನ್ನ ಉತ್ತರ ಬಾಯಲ್ಲೇ ಉಳಿಯಿತು.

ತಪ್ಪು ತಿಳಿಯಬೇಡಿ. ನೂರಾರು ಜನರಿದ್ದರು, ಅವರಿಗೂ ದಣಿವಾಗಿತ್ತು. ನಾನು ನಂಬಿಕೆ ಬಿಟ್ಟಿಲ್ಲ. ದೇವರು ಅಳುತ್ತಾನೆ ಎಂದು ಹೇಳಿಕೊಟ್ಟವರು ಅವರೇ, ಅದು ಸುಳ್ಳಲ್ಲ. ಆದರೂ ಬೀದಿಯಲ್ಲಿ ಹಾಡುವಾಗ ಒಮ್ಮೊಮ್ಮೆ ಆ ಉತ್ತರ ಗಂಟಲಿಗೆ ಬಂದು ಅಡ್ಡ ನಿಲ್ಲುತ್ತದೆ.

ನನ್ನನ್ನು ಬ್ರೆಜಿಲ್‌ಗೆ ಕಳಿಸುತ್ತಿದ್ದಾರೆ. ಮುಂದಿನ ತಿಂಗಳ ನಡುವಿಗೆ ಹೊರಡಬೇಕು. ಊರಿಗೆ ಬಂದು ಹೋಗಲು ಅಪ್ಪಣೆ ಕೇಳಿದೆ, ಸಿಗಲಿಲ್ಲ. ಎಷ್ಟು ವರ್ಷವೆಂದು ಹೇಳಿಲ್ಲ.

ಸೇಹ್ವಾ


೧೯೭೫, ಅಕ್ಟೋಬರ್ ೪

ನನ್ನ ಸೇಹ್ವಾ,

ನೀನು ಹೊರಡುವುದರೊಳಗೆ ಇದು ಕೈಸೇರಲಿ ಎಂದು ಅಂಚೆಯವನನ್ನು ದಾರಿಯಲ್ಲೇ ತಡೆದು ಕೊಡುತ್ತಿದ್ದೇನೆ.

ಬ್ರೆಜಿಲ್ ಎಲ್ಲಿದೆ ಎಂದು ಶಾಲೆಯ ಮೇಷ್ಟರನ್ನು ಕೇಳಿದೆ. ನೆಲದ ಕಡೆಗೆ ಬೆರಳು ತೋರಿಸಿ, "ಇಲ್ಲಿಂದ ನೆಟ್ಟಗೆ ಅಗೆದರೆ ಹೆಚ್ಚುಕಡಿಮೆ ಅಲ್ಲೇ, ಅಜ್ಜಿ" ಎಂದ. ಅಲ್ಲಿಗೆ ಬಸ್ಸಿಲ್ಲ ಎಂದಾಯಿತು. ನನ್ನ ವಯಸ್ಸಿಗೆ ಇನ್ನು ನಿನ್ನ ಮುಖ ಕಾಣುವುದಿಲ್ಲ. ಅಳಲು ಕೂತಿಲ್ಲ, ಇದ್ದದ್ದನ್ನು ಬರೆದೆ.

ನಿನ್ನ ತಂದೆಯವರನ್ನು ನಾನು ಬೈಯುವುದಿಲ್ಲ. ಬೈಯುತ್ತೇನೆಂದು ನೀನು ಕಾಯುತ್ತಿರುತ್ತೀ. ಅಷ್ಟು ಜನಕ್ಕೆ ತಂದೆಯಾಗಲು ಹೊರಟವನಿಗೆ ಒಬ್ಬೊಬ್ಬರ ಮುಂದೆ ನಿಲ್ಲಲು ಪುರುಸೊತ್ತು ಎಲ್ಲಿಂದ ಬರಬೇಕು? ಇಬ್ಬರು ಮಕ್ಕಳಿಗೇ ನನಗೆ ಸಾಕುಸಾಕಾಗಿತ್ತು. ಬಾಗಿಲಿನ ಮಾತನ್ನು ನೀನು ಬರೆಯಬೇಡ. ಬರೆಯದೆ ಇದ್ದದ್ದು ನನಗೆ ತಲುಪಿದೆ.

ಆದರೆ ಗಂಟಲಲ್ಲಿ ಉತ್ತರ ಇಟ್ಟುಕೊಂಡು ಕಡಲು ದಾಟಬೇಡ. ಆ ದೇಶದಲ್ಲಿ ಯಾರಾದರೂ ಯಾವ ಊರು ಎಂದು ಕೇಳಿಯೇ ಕೇಳುತ್ತಾರೆ. ಅರ್ಧಕ್ಕೆ ನಿಲ್ಲಿಸದೆ ಹೇಳು. ಉಲ್ಜಿನ್ ಎಂದು ಹೇಳಿ ಸುಮ್ಮನಾಗಬೇಡ, ಉಲ್ಜಿನ್‌ನಲ್ಲಿ ಎಲ್ಲರೂ ಇದ್ದಾರೆ. ಮೂಡಣ ಗಾಳಿಗೆ ಬಾಗಿಲು ತಾನೇ ತೆರೆದುಕೊಳ್ಳುವ ಮನೆ ಎಂದು ಹೇಳು. ಹೆರಿಗೆಯ ದಿನ ಮೊದಲ ಹಿಮ ಬಿದ್ದಿತ್ತು, ನೀರು ಕಾಯಿಸಲು ಸೌದೆ ಒದ್ದೆಯಾಗಿತ್ತು. ನಿನ್ನ ಅಮ್ಮ ನಿನ್ನ ಕಿವಿಯನ್ನು ಮಾತ್ರ ನೋಡಿ, "ಕಿವಿ ನನ್ನ ಥರಾನೇ ಇದೆ ಅಲ್ವೇನಮ್ಮ" ಎಂದಳು. ಅದೇ ಅವಳ ಕೊನೆಯ ಮಾತು, ಇದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ. ನಿನ್ನ ಅಪ್ಪ ಯುದ್ಧಕ್ಕೆ ಹೋಗುವಾಗ ನೀನು ಹೊಟ್ಟೆಯಲ್ಲಿದ್ದೆ, ಅವನು ಹೊಟ್ಟೆಯ ಮೇಲೆ ಬಾಯಿಟ್ಟು ಏನೋ ಹೇಳಿ ಹೋದ. ಏನೆಂದು ಕೇಳಿದರೆ ನಿನ್ನ ಅಮ್ಮ ನನಗೂ ಹೇಳಲಿಲ್ಲ. ನಿನ್ನ ಮಾವ ದುಮಾನ್ ನಿನ್ನನ್ನು ಮೀನಿನ ಬುಟ್ಟಿಯಲ್ಲಿ ಕೂರಿಸಿ ಓಣಿಯುದ್ದಕ್ಕೂ ಎಳೆಯುತ್ತಿದ್ದ, ನೀನು ಕಿರುಚಿ ನಗುತ್ತಿದ್ದೆ. ಮೊದಲ ಹಲ್ಲಿನಲ್ಲಿ ನನ್ನ ಭುಜ ಕಚ್ಚಿದೆ, ಗುರುತು ಇದೆ. ಇಷ್ಟೂ ಹೇಳು. ಯಾವ ಊರು ಎಂದರೆ ಇದು.

ಇಷ್ಟನ್ನು ಪೂರ್ತಿ ಕೇಳುವವರೆಗೆ ನಿನ್ನ ತಲೆಯ ಮೇಲಿನ ಕೈ ತೆಗೆಯದೆ ಯಾರಾದರೂ ನಿಂತರೆ, ಬಂದವನು ಅವನೇ ಎಂದು ತಿಳಿ, ಅವನಿಗೆ ನಮಸ್ಕಾರ ಮಾಡು. ನನಗೂ ತಿಳಿಸು. ನಾನಿರುವ ಜಾಗದಿಂದಲೇ ನಾನೂ ಮಾಡುತ್ತೇನೆ.

ನಿನ್ನ ಅಜ್ಜಿ
ಸಮ್ವೊಲ್